ಕೈ ಹೋದತ್ತ ಬಸ್ಸಿನ ಬಾಲ

ಒಬ್ಬ ಮನುಷ್ಯನ ಕೆಲಸವನ್ನು ನಾನು ಒಂದೇ ಸಾಲು ಬರೆದು ತಪ್ಪಿಸಿದೆ. ಆ ಸಾಲು ಸುಳ್ಳು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಈಗ ನನಗೆ ಎಪ್ಪತ್ತು ದಾಟಿದೆ. ಹೈಸ್ಕೂಲು ಮುಗಿಸಿದ ಮೇಲೆ ಟ್ರಿಪ್ ಶೀಟು, ರಜೆ ಅರ್ಜಿ, ಕಲಿಯಲು ಬಂದವರ ವರದಿ ಬಿಟ್ಟು ಬೇರೇನನ್ನೂ ಬರೆದವನಲ್ಲ. ಇದನ್ನು ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಇವತ್ತು ಏಳುವುದಿಲ್ಲ ಎಂದುಕೊಂಡಿದ್ದೇನೆ.

ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿ ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಕೈಗಾ ದಾರಿಯಲ್ಲಿ ಸ್ಟಾಫ್ ಬಸ್ಸು ಓಡಿಸುವ ಗುತ್ತಿಗೆದಾರರೊಬ್ಬರು ಹೊಸ ಡ್ರೈವರುಗಳನ್ನು ತಯಾರು ಮಾಡಲು ಒಬ್ಬ ಹಳಬನನ್ನು ಹುಡುಕುತ್ತಿದ್ದರು. ಅವರ್ಸಾ ಹತ್ತಿರ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಕೆಂಪು ಮಣ್ಣಿನ ಬಯಲು. ಅಲ್ಲಿ ಒಂದು ಹಳೇ ಬಸ್ಸು, ಹತ್ತು ಖಾಲಿ ಡ್ರಮ್ಮು, ನೆಲದ ಮೇಲೆ ಸುಣ್ಣದ ಗೆರೆ. ಅದೇ ನನ್ನ ಶಾಲೆ. ಬಂದವರೆಲ್ಲ ನನ್ನನ್ನು ಮಾಸ್ತರು ಎನ್ನುತ್ತಿದ್ದರು. ಆ ಶಬ್ದ ಕೇಳಿದಾಗೆಲ್ಲ ನನ್ನ ಬೆನ್ನು ಒಂದಿಷ್ಟು ನೇರವಾಗುತ್ತಿತ್ತು.

ನನ್ನ ಹೆಸರಿದ್ದದ್ದು ರಿವರ್ಸಿಗೆ. ಎಷ್ಟೇ ಉದ್ದದ ಗಾಡಿಯಿರಲಿ, ಎಷ್ಟೇ ಇಕ್ಕಟ್ಟಿನ ಗಲ್ಲಿಯಿರಲಿ, ಒಂದೇ ಸಲಕ್ಕೆ ಹಿಂದೆ ತೆಗೆದುಕೊಂಡು ಹೋಗುತ್ತಿದ್ದೆ. ಡಿಪೋದಲ್ಲಿ ಬೇರೆಯವರ ಬಸ್ಸು ಸಿಕ್ಕಿಹಾಕಿಕೊಂಡರೆ ನನ್ನನ್ನೇ ಕರೆಯುತ್ತಿದ್ದರು. ಹೇಗೆ ಕಲಿತೆ ಎಂದು ಕೇಳಿದವರಿಗೆಲ್ಲ, "ವರ್ಷಗಟ್ಟಲೆ ದಿನಾ ಡ್ಯೂಟಿ ಮುಗಿದ ಮೇಲೆ ಅಭ್ಯಾಸ ಮಾಡಿದ್ದೇನೆ" ಎನ್ನುತ್ತಿದ್ದೆ. ಅದೂ ಸುಳ್ಳು. ನನಗೆ ಅದು ಮೊದಲ ದಿನದಿಂದಲೇ ಬರುತ್ತಿತ್ತು. ಕಲಿಸಿದ್ದು ನನ್ನ ಅಪ್ಪ. ಅಪ್ಪ ಒಂದು ದಿನವೂ ಬಸ್ಸಿನ ಸ್ಟೇರಿಂಗ್ ಮುಟ್ಟಿದವನಲ್ಲ.

ಅಪ್ಪ ಕಾರವಾರದ ದಡದ ಮೀನುಗಾರ. ನನಗೆ ಇಪ್ಪತ್ತು ತುಂಬುವವರೆಗೂ ನಾನು ಅವನ ದೋಣಿಯ ಹಿಂದೆ ಚುಕ್ಕಾಣಿ ಹಿಡಿದು ಕೂತವನು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಹೊಸಬರಿಗೆ ಇದು ಉಲ್ಟಾ ಎನಿಸುತ್ತದೆ. ಅಪ್ಪ ಅದನ್ನು ಉಲ್ಟಾ ಎಂದು ಹೇಳಿಕೊಡಲೇ ಇಲ್ಲ. "ಮುಂದೆ ನೋಡ್ಬೇಡಾ. ಕೈ ಹೋದ ಬದಿಗೆ ದೋಣಿಯ ಹಿಂದು ಹೋಗ್ತದೆ, ಅಷ್ಟೇ ನೆಂಪಿಟ್ಕೊ" ಎನ್ನುತ್ತಿದ್ದ.

ಬಸ್ಸು ಮುಂದೆ ಹೋಗುವಾಗ ಈ ಲೆಕ್ಕ ಅಪಾಯ. ಆದರೆ ಹಿಂದೆ ಹೋಗುವಾಗ? ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಬಸ್ಸಿನ ಬಾಲ ಎಡಕ್ಕೇ ಹೋಗುತ್ತದೆ. ಕೈ ಹೋದತ್ತ ಹಿಂದು. ಕನ್ನಡಿ ನೋಡಿ ನೋಡಿ ತಲೆ ಕೆಡಿಸಿಕೊಳ್ಳುವ ಉಳಿದವರಿಗೆ ವರ್ಷವಾದರೂ ಬಾರದ್ದು ದೋಣಿಯವನಿಗೆ ಮೊದಲ ದಿನವೇ ಬಂದಿರುತ್ತದೆ.

ಹಾಗಾದರೆ ಮುಚ್ಚಿಟ್ಟದ್ದೇಕೆ? ನಾನು ಡ್ರೈವಿಂಗ್ ಕಲಿತದ್ದು ಘಟ್ಟದ ಮೇಲಿನ ಒಂದು ಊರಿನಲ್ಲಿ. ಮೊದಲ ವಾರ ಎದುರಿಗೆ ಎಮ್ಮೆ ಬಂದಾಗ ಗಾಬರಿಯಲ್ಲಿ ನನ್ನ ಕೈ ಚುಕ್ಕಾಣಿಯ ಕೈಯಾಯಿತು. ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದೆ. ಕಲಿಸುವವರು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ, "ಇವನಿಗೊಂದು ಹುಟ್ಟು ತಂದು ಕೊಡ್ರಪ್ಪಾ, ಬಸ್ಸನ್ನು ಹುಟ್ಟು ಹಾಕಿಯೇ ನಡೆಸಲಿ" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ನಗು ನನ್ನ ಮೈಗೆ ಅಂಟಿಕೊಂಡಿತು. ಆಮೇಲೆ ಯಾರು ಕೇಳಿದರೂ ಅಪ್ಪ ಅಂಕೋಲಾ ಪೇಟೆಯ ಜವಳಿ ಅಂಗಡಿಯಲ್ಲಿದ್ದ ಎಂದೇ ಹೇಳಿದೆ. ಅಪ್ಪ ಬದುಕಿದ್ದಾಗಲೂ ಹೇಳಿದೆ, ಸತ್ತ ಮೇಲೂ ಹೇಳಿದೆ.

ಈಗ ಆ ಮನುಷ್ಯನ ವಿಷಯ. ಆರು ಜನರ ಒಂದು ಬ್ಯಾಚಿನಲ್ಲಿ ಅವನೂ ಬಂದ. ನಲವತ್ತಕ್ಕೆ ಎರಡು ಕಮ್ಮಿ, ಅವರ್ಸಾ ದಡದವನು, ಇಪ್ಪತ್ತು ವರ್ಷ ಮಷಿನ್ ದೋಣಿ ನಡೆಸಿದವನು. ಸಣ್ಣ ಗಾಡಿಯ ಲೈಸೆನ್ಸು ಎಂದೋ ಮಾಡಿಸಿಟ್ಟಿದ್ದ, ಓಡಿಸಿದ್ದು ಕಡಿಮೆ. ದೋಣಿ ಬಿಟ್ಟದ್ದೇಕೆಂದು ಕೇಳಿದಾಗ, "ಬಲೆ ಎಳ್ದೂ ಎಳ್ದೂ ಸಾಕಾತು, ಮಾಮಾ. ಕೂತ್ಕಂಡು ಮಾಡೂ ಕೆಲ್ಸ ಒಂದು ಸಿಕ್ಲಿ ಅಂತ" ಎಂದ. ಎಲ್ಲರೂ ಮಾಸ್ತರು ಎನ್ನುವಾಗ ಇವನೊಬ್ಬ ಮಾಮಾ ಎನ್ನುತ್ತಿದ್ದ. ನಮ್ಮ ದಡದಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ. ನನಗೆ ಅದು ಮುಳ್ಳು ಚುಚ್ಚಿದಂತಾಗುತ್ತಿತ್ತು.

ಮೊದಲ ವಾರದಲ್ಲಿ ಅವನೂ ನನ್ನದೇ ತಪ್ಪು ಮಾಡಿದ. ಬಯಲಿನಲ್ಲಿ ಒಂದು ನಾಯಿ ಅಡ್ಡ ಬಂತು. ಅವನ ಕೈ ಉಲ್ಟಾ ಹೋಗಿ ಬಸ್ಸು ಚಿರೆಕಲ್ಲಿನ ರಾಶಿಗೆ ತಾಗಿತು. ಆಮೇಲೆ ಅವನು ತಿಂಗಳುಗಟ್ಟಲೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ನಿಂತ ಬಸ್ಸಿನಲ್ಲೇ ಸ್ಟೇರಿಂಗ್ ಹಿಡಿದು "ಮುಂದಿದ್ರೆ ಮೂತಿ, ಹಿಂದಿದ್ರೆ ಬಾಲ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಕೈ ಪಳಗಿಸಿದ. ತಪ್ಪು ಪೂರ್ತಿ ಹೋಯಿತು. ದೊಡ್ಡ ಗಾಡಿಯ ಲೈಸೆನ್ಸೂ ಕೈಗೆ ಬಂತು. ಹೆದ್ದಾರಿಯಲ್ಲಿ ಅವನ ಪಕ್ಕ ಕೂತು ನಾನು ತೂಕಡಿಸಿದ್ದೂ ಉಂಟು. ಕಲಿಸುವವನಿಗೆ ಪಕ್ಕದ ಸೀಟಿನಲ್ಲಿ ನಿದ್ದೆ ಬಂತೆಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ.

ತರಬೇತಿ ಮುಗಿಯಲು ಹತ್ತು ದಿನ ಇರುವಾಗ ನಾನು ಎಲ್ಲರ ಮುಂದೆ ರಿವರ್ಸ್ ಮಾಡಿ ತೋರಿಸಿದೆ. ಡ್ರಮ್ಮುಗಳ ಎರಡು ಸಾಲಿನ ನಡುವೆ, ಎರಡೂ ಬದಿಗೆ ಒಂದೊಂದು ಗೇಣು ಜಾಗ ಬಿಟ್ಟು, ಒಂದೇ ಸಲಕ್ಕೆ. ಇಳಿದು ಬಂದೆ. ಉಳಿದವರು ಬಾಯಿ ಬಿಟ್ಟು ನಿಂತಿದ್ದರು. ಅವನು ಮಾತ್ರ ನಗುತ್ತಿದ್ದ.

"ಮಾಮಾ, ನೀವು ದೋಣಿ ನಡ್ಸಿದವ್ರು, ಅಲ್ದಾ?"

"ಯಾರು ಹೇಳಿದ್ದು?" ಎಂದೆ.

"ಯಾರು ಹೇಳ್ಬೇಕು? ನೀವು ಕೂತದ್ದು ನೋಡಿದ್ರೇ ತಿಳೀತದೆ. ಬಲ ಭುಜ ಹಿಂದೆ ಹಾಕಿ, ಸೊಂಟ ಅಡ್ಡ ಮಾಡಿ, ಒಂದೇ ಕೈಯಲ್ಲಿ. ಹಂಗೆ ಕೂತ್ಕಳೂದು ನಮ್ಮ ದಡದವ್ರೇ. ಕೈ ಹೋದ ಬದಿಗೆ ಹಿಂದು, ಅಲ್ದಾ ಮಾಮಾ?"

ಅಪ್ಪನ ಮಾತು, ಅಕ್ಷರಕ್ಕೆ ಅಕ್ಷರ. ಅಡಿಕೆ ತೋಟದ ಕಡೆಯಿಂದ ಬಂದ ಒಬ್ಬ, ಬಾಯಿ ಸ್ವಲ್ಪ ಜೋರಿನವನು, "ಓಹೋ! ಹಂಗಾರೆ ಮಾಸ್ತರು ಮೀನು ಹಿಡೀತಿದ್ರಾ? ನಾವು ಇಷ್ಟು ದಿನ ಬಂಗಡೆ ತರೂಕೆ ಸುಮ್ನೆ ಪೇಟೆಗೆ ಹೋದ್ವಲ್ರಾ!" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯದೇ. ಆದರೆ ನನಗೆ ಕೇಳಿಸಿದ್ದು ಐವತ್ತು ವರ್ಷ ಹಿಂದಿನ ನಗು.

"ನನ್ನ ಅಪ್ಪ ಜವಳಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸ್ತಿದ್ದ. ದೋಣಿ ಹತ್ತಿದವನೇ ಅಲ್ಲ" ಎಂದೆ. ಅವನ ಕಡೆ ತಿರುಗಿ, "ಇದು ಬಸ್ಸು. ನಿನ್ನ ದೋಣಿ ಬುದ್ಧಿ ದಡದಲ್ಲೇ ಬಿಟ್ಟು ಬಾ" ಎಂದೂ ಹೇಳಿದೆ.

ಅವನು ನನ್ನ ಕೈಯನ್ನೇ ಒಂದು ಕ್ಷಣ ನೋಡಿದ. "ಆತು, ಮಾಮಾ" ಎಂದು ಸುಮ್ಮನಾದ. ಅವನು ವಾದ ಮಾಡಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ. ಅವನಿಗೆ ನಿಜ ಗೊತ್ತಾಗಿಯೂ ಸುಮ್ಮನಾದದ್ದು ನನ್ನನ್ನು ಸುಟ್ಟಿತು.

ವರದಿ ಬರೆಯುವ ದಿನ ಅವನ ಹೆಸರಿನ ಮುಂದೆ ಬರೆದೆ: 'ಗಾಬರಿಯಾದಾಗ ಸ್ಟೇರಿಂಗ್ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾನೆ. ಪ್ರಯಾಣಿಕರ ಗಾಡಿಗೆ ಯೋಗ್ಯನಲ್ಲ.' ಮೊದಲ ವಾರದ ತಪ್ಪನ್ನು ಕೊನೆಯ ವಾರದ್ದೆಂದು ಬರೆದು ಸಹಿ ಹಾಕಿದೆ. ಅವನ ಹೆಸರು ಪಟ್ಟಿಯಿಂದ ಹೋಯಿತು. ನಲವತ್ತು ದಾಟಿದವರನ್ನು ಹೊಸದಾಗಿ ತೆಗೆದುಕೊಳ್ಳುವ ಪದ್ಧತಿ ಆ ಕಂಪನಿಯಲ್ಲಿ ಇರಲಿಲ್ಲ, ಮುಂದಿನ ಬ್ಯಾಚು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ದೋಣಿಯಲ್ಲಿ ಅವನ ಜಾಗಕ್ಕೆ ಆಗಲೇ ಬೇರೊಬ್ಬ ಬಂದಾಗಿತ್ತು. ಅತ್ತ ಸಮುದ್ರವೂ ಇಲ್ಲ, ಇತ್ತ ರಸ್ತೆಯೂ ಇಲ್ಲ ಎಂಬ ಜಾಗದಲ್ಲಿ ನಾನು ಅವನನ್ನು ನಿಲ್ಲಿಸಿದ್ದೆ.

ಉಳಿದ ಐವರ ಕೊನೆಯ ಪರೀಕ್ಷೆಗೆ ಕಾರವಾರದ ಆಫೀಸಿನಿಂದ ಮ್ಯಾನೇಜರು ಬಂದರು. ತಾವೂ ಲಾರಿ ಓಡಿಸಿಯೇ ಮೇಲೆ ಬಂದ ಮನುಷ್ಯ, ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಜೊತೆಗೆ ಹೊಸ ಬಸ್ಸು ತಂದಿದ್ದರು. ನಮ್ಮ ಹಳೇ ಬಸ್ಸಿಗಿಂತ ಎಷ್ಟೋ ಉದ್ದ, ಹಿಂದಿನ ಚಕ್ರದಾಚೆ ಒಂದು ಕೋಣೆಯಷ್ಟು ಬಾಲ. ಆ ದಿನ ಅವನೂ ಬಂದಿದ್ದ. ಕಛೇರಿಗೆ ಕೊಟ್ಟಿದ್ದ ಕಾಗದಪತ್ರ ವಾಪಸು ಪಡೆಯಲು ಬಂದವನು, ಮ್ಯಾನೇಜರು ಬಿಡುವಾಗಲಿ ಎಂದು ಬಯಲಿನ ಅಂಚಿನ ಕಲ್ಲಿನ ಮೇಲೆ ಕೂತಿದ್ದ.

ಮೊದಲನೆಯವನು ಹಿಂದೆ ಬಂದ. ಮೂರು ಡ್ರಮ್ಮು ಉರುಳಿದವು. ಎರಡನೆಯವನು ನಾಲ್ಕು ಉರುಳಿಸಿದ. ತೋಟದ ಕಡೆಯವನು ಡ್ರಮ್ಮಿನ ಹತ್ತಿರವೇ ಹೋಗದೆ ಸುಣ್ಣದ ಗೆರೆಯಾಚೆ ಗಿಡಗಳೊಳಗೆ ಹೋಗಿ ನಿಂತ. "ಇದೆಂತದು? ಬಸ್ಸು ಮೇಯೂಕೆ ಬಿಟ್ಯಾ?" ಎಂದರು ಮ್ಯಾನೇಜರು. ಉಳಿದಿಬ್ಬರದ್ದೂ ಅದೇ ಕತೆ. ಕೊನೆಗೆ ನನ್ನ ಕಡೆ ತಿರುಗಿದರು.

"ಮಾಸ್ತರೇ, ರಿವರ್ಸಿಗೆ ನಿಮ್ಮ ಹೆಸರು ಹೇಳ್ತಾರೆ. ನೀವು ಕಲ್ಸಿದ್ದು ಒಬ್ರಿಗೂ ಹತ್ಲಿಲ್ವಾ?"

ಹೊಸ ಬಸ್ಸು, ರೂಢಿಯಿಲ್ಲ, ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಆಗ ಕಲ್ಲಿನ ಮೇಲೆ ಕೂತವನತ್ತ ಕಣ್ಣು ಹೋಯಿತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಸ್ಸಿನ ಬಾಲವನ್ನು ನೋಡುತ್ತಿದ್ದ. ಮಡಿಲಲ್ಲಿ ಅವನ ಬಲಗೈ ತಾನಾಗಿಯೇ ಅತ್ತ ಇತ್ತ ಸಣ್ಣಗೆ ಹೋಗುತ್ತಿತ್ತು. ಐದು ಸಲ ತಪ್ಪಿದ ಆ ರಿವರ್ಸನ್ನು ಅವನು ಕೂತಲ್ಲೇ ಸರಿ ಮಾಡುತ್ತಿದ್ದ. ದಡದಲ್ಲಿ ಕೂತು ಬೇರೆಯವರ ದೋಣಿ ನದಿ ಕಡಲು ಸೇರುವ ಅಳಿವೆಯ ಬಾಯಿ ಹೊಗುವುದನ್ನು ನೋಡುವಾಗ ನನ್ನ ಅಪ್ಪನ ಕೈಯೂ ಹೀಗೇ ಆಡುತ್ತಿತ್ತು.

"ಹತ್ತಿದವನು ಒಬ್ಬ ಇದ್ದಾನೆ, ಸಾಹೇಬ್ರೇ. ಅವನನ್ನು ಪಟ್ಟಿಯಿಂದ ತೆಗೆಸಿದ್ದು ನಾನೇ" ಎಂದೆ.

ಮ್ಯಾನೇಜರು ಕಾಗದ ತಿರುವಿದರು. "ಯೋಗ್ಯನಲ್ಲ ಅಂತ ಬರ್ದಿದ್ದೀರಿ. ಇದು ನಿಮ್ಮದೇ ಅಕ್ಷರ?"

"ನನ್ನದೇ. ಸುಳ್ಳು ಬರೆದದ್ದು."

 ಶುರು ಮಾಡಿದ ಮೇಲೆ ನನಗೆ ನಿಲ್ಲಿಸಲು ಆಗಲಿಲ್ಲ. ಅವನು ನನ್ನ ಕೈ ಗುರುತಿಸಿದ್ದು, ನಾನು ಅವಮಾನವೆಂದುಕೊಂಡದ್ದು, ಮೊದಲ ವಾರದ ತಪ್ಪನ್ನು ಕೊನೆಗೆ ಬರೆದದ್ದು, ಎಲ್ಲ ಹೇಳಿದೆ. "ನನ್ನ ಅಪ್ಪ ಮೀನುಗಾರ. ಜವಳಿ ಅಂಗಡಿಗೆ ಅವನು ಹೋದದ್ದು ಹಬ್ಬಕ್ಕೆ ಪಂಚೆ ತರಲು ಮಾತ್ರ. ನನ್ನ ರಿವರ್ಸು ಅವನ ದೋಣಿಯದು" ಎಂದೆ.  ಐವತ್ತು ವರ್ಷದಲ್ಲಿ ಅಷ್ಟು ಜೋರಾಗಿ ನಾನು ಅಪ್ಪನ ವಿಷಯ ಹೇಳಿದ್ದಿಲ್ಲ.

ಮ್ಯಾನೇಜರು ಕಾಗದ ಮಡಚಿದರು. ಆಮೇಲೆ, "ಸುಳ್ಳು ಬರೆದವ್ರ ನಿಜವನ್ನ ನಾನು ಹೆಂಗೆ ನಂಬೂದು? ಇವತ್ತು ಅವನ ಮೇಲೆ ಕರುಣೆ ಬಂದು ಹೇಳ್ತಿರಬಹುದು. ನಾಳೆ ಐವತ್ತು ಜನರನ್ನ ಕೂರಿಸ್ಕೊಂಡು ಉಲ್ಟಾ ತಿರುಗಿಸಿದ್ರೆ?" ಎಂದರು. ಕಲ್ಲಿನ ಮೇಲಿದ್ದವನನ್ನು ಕರೆದರು. "ಬಾ ಇಲ್ಲಿ. ಮೊದ್ಲು ಮುಂದೆ ನಡೆಸಿ ತೋರ್ಸು. ಅಂಕೋಲಾ ಪೇಟೆ ಸುತ್ತಿ ವಾಪಸ್ ಬಾ. ಒಂದು ಸಲ ಕೈ ತಪ್ಪಿದ್ರೆ ನಿನ್ನ ಕಾಗದ ತಗೊಂಡು ಮನೆಗೆ. ಮಾಸ್ತರು ಹಿಂದಿನ ಸೀಟಲ್ಲಿ ಬಾಯಿ ಮುಚ್ಕೊಂಡು ಕೂರ್ಬೇಕು."

ಅವನು ಚಪ್ಪಲಿ ಬಿಟ್ಟು, ಬಾಗಿಲಿನ ಮೆಟ್ಟಿಲು ಮುಟ್ಟಿ ಹಣೆಗೆ ಕೈ ಇಟ್ಟುಕೊಂಡು ಹತ್ತಿದ. ದೋಣಿ ಹತ್ತುವಾಗ ನಾವು ಮಾಡುವುದು ಹಾಗೆಯೇ. ಆಮೇಲೆ ನೆನಪಾಗಿ ಇಳಿದು ಚಪ್ಪಲಿ ಹಾಕಿಕೊಂಡು ಮತ್ತೆ ಹತ್ತಿದ. ಐವರೂ ನಗು ತಡೆದುಕೊಂಡರು.

ಮ್ಯಾನೇಜರು ಮುಂದಿನ ಎಡ ಸೀಟಿನಲ್ಲಿ ಕೂತರು, ನಾನು ಹಿಂದೆ. ಹೆದ್ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಗಾಡಿ ಹಾಲಿನಂತೆ ಹೋಯಿತು. ಅಂಕೋಲಾ ಪೇಟೆಯಲ್ಲಿ ಮಾವಿನ ಕಾಲ. ರಸ್ತೆಯ ಎರಡೂ ಬದಿಗೆ ಇಶಾಡು ಹಣ್ಣಿನ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ನಿಧಾನವಾಗಿ ಹೋಗುತ್ತಿರುವಾಗ ಬಲಗಡೆಯ ಸಂದಿಯಿಂದ ಒಂದು ಸ್ಕೂಟರು ಬಾಣದಂತೆ ನುಗ್ಗಿ ನಮ್ಮ ಮೂತಿಯ ಮುಂದೆಯೇ ಬಂತು. ಇದೇ ಆ ಗಳಿಗೆ. ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿಯನ್ನು ಹಿಡಿದವು. ಅವನ ಕಾಲು ಬ್ರೇಕಿಗೆ ಹೋಯಿತು, ಕೈ ಎಡಕ್ಕೆ, ಬೇಕಾದಷ್ಟೇ, ಒಂದು ಗೆಣ್ಣು ಹೆಚ್ಚಿಲ್ಲ. ಸ್ಕೂಟರಿನವನು ತಪ್ಪು ತನ್ನದೆಂದು ತಿಳಿಯದೆ ನಮ್ಮನ್ನೇ ಬೈದು ಹೋದ.  ಮ್ಯಾನೇಜರು ಕಾಗದದ ಮೇಲೆ ಏನೋ ಗೀಚಿದರು.

ಅದಕ್ಕಿಂತ ದೊಡ್ಡದು ಮುಂದಿನ ತಿರುವಿನಲ್ಲಿ ಆಯಿತು. ಬಲಕ್ಕೆ ತಿರುಗಬೇಕಿತ್ತು. ಉದ್ದ ಬಸ್ಸು ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ ಬೀಸುತ್ತದೆ. ಹೊಸ ಡ್ರೈವರು ಮುಂದಿನ ಮೂಲೆಯನ್ನೇ ನೋಡುತ್ತಾನೆ, ಹಿಂದೆ ಯಾರ ಗೂಡಂಗಡಿ ಹೋಯಿತೆಂದು ಬೈಗುಳ ಕೇಳಿದ ಮೇಲೆ ತಿಳಿಯುತ್ತದೆ. ಇವನು ತಿರುಗಿಸುವ ಮೊದಲೇ ನಿಲ್ಲಿಸಿ, ಕ್ಲೀನರನ ಬದಿಯ ಕಿಟಕಿಯತ್ತ ಬಾಗಿ ಕೂಗಿದ.

"ಆಯೀ, ಬುಟ್ಟಿ ಒಂಚೂರು ಹಿಂದೆ ತಕಾ. ಬಸ್ಸಿನ ಬಾಲ ಬತ್ತದೆ."

"ಬಸ್ಸಿಗೆಂತ ಬಾಲನಾ ತಮಾ? ನಾ ಇಲ್ಲಿ ಕೂತು ಎಷ್ಟು ವರ್ಷಾತು, ಒಬ್ನೂ ಹೇಳ್ಲಿಲ್ಲ. ಬಂದು ಬುಟ್ಟಿಗೆ ಗುದ್ದಿ ಹೋದ್ರು, ಅಷ್ಟೇಯಾ!" ಎಂದಳು ಹಣ್ಣಿನ ಮುದುಕಿ.

"ಅದಕ್ಕೇ ಹೇಳ್ದೆ, ಆಯೀ."

"ಹೇಳ್ದವ ನೀ ಒಬ್ನೇ. ತಕಾ, ಒಂದು ಹಣ್ಣು ತಕಂಡು ಹೋಗು" ಎಂದು ಬುಟ್ಟಿ ಹಿಂದೆ ಎಳೆದುಕೊಂಡು, ಕಿಟಕಿಯಿಂದ ಒಳಗೆ ಒಂದು ಇಶಾಡು ಎಸೆದಳು. ಅದು ನೇರವಾಗಿ ಮ್ಯಾನೇಜರ ಮಡಿಲಿಗೆ ಬಿತ್ತು. ಬುಟ್ಟಿಯಿದ್ದ ಜಾಗದ ಮೇಲಿಂದ ಬಾಲ ಬೀಸಿಕೊಂಡು ಹೋಯಿತು. ಮ್ಯಾನೇಜರು ಕಿಟಕಿಯಿಂದ ಹಿಂದೆ ತಿರುಗಿ ಅದನ್ನೇ ನೋಡಿದರು. ಆಮೇಲೆ ಅವರು ಏನೂ ಬರೆದುಕೊಳ್ಳಲಿಲ್ಲ.

ಅವರ್ಸಾ ಬಯಲಿಗೆ ಬಂದು ರಿವರ್ಸ್. ಬಲ ಭುಜ ಹಿಂದೆ ಹಾಕಿ, ಸೊಂಟ ಅಡ್ಡ ಮಾಡಿ ಕೂತ. ಒಂದೇ ಕೈ. ಆ ಉದ್ದದ ಬಸ್ಸು ಡ್ರಮ್ಮುಗಳ ನಡುವೆ ಭರತದ ಏರುನೀರಿನಲ್ಲಿ ಅಳಿವೆಯೊಳಗೆ ಬರುವ ದೋಣಿಯಂತೆ ಬಂತು. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಮತ್ತೆ ಮುಂದೆ ಹೋಗಲಿಲ್ಲ. ನಿಂತಾಗ ಹತ್ತೂ ಡ್ರಮ್ಮು ನಿಂತೇ ಇದ್ದವು. ಮೊದಲು ಸಿಳ್ಳೆ ಹಾಕಿದವನು ಆ ತೋಟದ ಕಡೆಯವನೇ. ಆಮೇಲೆ ಐವರೂ ಓಡಿಬಂದು ಅವನನ್ನು ಎಳೆದು ಇಳಿಸಿ ಹೆಗಲ ಮೇಲೆ ಎತ್ತಿಕೊಂಡರು. ತಾವು ನಪಾಸಾದದ್ದು ಅವರಿಗೆ ಮರೆತೇ ಹೋಗಿತ್ತು. ನಾನು ಡ್ರಮ್ಮು ಹಿಡಿದುಕೊಂಡು ನಿಂತು ಮಗುವಿನಂತೆ ಅತ್ತೆ. ಅಷ್ಟು ಸುಖದ ಅಳು ನನಗೆ ಬೇರೆ ನೆನಪಿಲ್ಲ.

"ಇವನನ್ನ ತಗೊಂಡೆ" ಎಂದರು ಮ್ಯಾನೇಜರು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನಿಮ್ಮ ಸಹಿ ಇನ್ನು ಮೇಲೆ ನನಗೆ ಬೇಡ. ಆದ್ರೆ ಆ ದೋಣಿ ಲೆಕ್ಕ ಇವ್ರಿಗೂ ಕಲ್ಸಿ. ಹದಿನೈದು ದಿನ ಬಿಟ್ಟು ಬತ್ತೇನೆ." ಸಹಿ ಹೋದದ್ದು ಸರಿಯಾದ ಶಿಕ್ಷೆ. ಅದರ ಬಗ್ಗೆ ನನ್ನ ದೂರಿಲ್ಲ.

ಆ ಹದಿನೈದು ದಿನ ಐವರನ್ನೂ ಅಳಿವೆಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರ ಕೈಗೂ ಚುಕ್ಕಾಣಿ ಕೊಟ್ಟೆ. ತೋಟದವನು ಎರಡು ಸಲ ನೀರಿಗೆ ಬಿದ್ದ. "ಬಸ್ಸು ಕಲೀಲಿಕ್ಕೆ ಬಂದು ಈಜು ಕಲಿಯೂ ಹಾಂಗಾತು, ಮಾಸ್ತರೇ" ಎಂದ. ಮ್ಯಾನೇಜರು ಮತ್ತೆ ಬಂದಾಗ ಐವರಲ್ಲಿ ನಾಲ್ವರು ಒಂದೇ ಸಲಕ್ಕೆ ಪಾಸಾದರು, ತೋಟದವನು ಎರಡನೇ ಸಲಕ್ಕೆ.

ಮೊದಲ ಪರೀಕ್ಷೆಯ ದಿನವೇ ಸಂಜೆ ಆ ದೋಣಿಯವನನ್ನು ಬದಿಗೆ ಕರೆದು ಕ್ಷಮೆ ಕೇಳಿದ್ದೆ. ಅವನು ಕಿವಿಯ ಹಿಂದೆ ಕೆರೆದುಕೊಂಡು, "ನೀವು ಬರ್ದದ್ದು ನಾ ಓದ್ಲೇ ಇಲ್ಲ, ಮಾಮಾ. ಓದದ್ದಕ್ಕೆ ಸಿಟ್ಟು ಹೆಂಗೆ ಮಾಡೂದು? ಆದ್ರೆ ನನ್ನ ಹೆಂಡ್ತಿಗೆ ಸಿಟ್ಟುಂಟು. ಅವ್ಳು ಸುಮ್ನೆ ಬಿಡೂದಿಲ್ಲ. ಮನಿಗೆ ಬರ್ರಿ, ಬೈಸ್ಕಂಡು ಊಟ ಮಾಡ್ಕಂಡು ಹೋಗಿ" ಎಂದ.

ಹೋದೆ. ಅವಳು ಅನ್ನ ಬಡಿಸುತ್ತಾ ಬೈದಳು, ಸಾರು ಬಡಿಸುತ್ತಾ ಬೈದಳು, ಹುರಿದ ಬಂಗಡೆ ತಟ್ಟೆಗೆ ಹಾಕಿ ಇನ್ನಷ್ಟು ಬೈದಳು. "ಅಪ್ಪನ್ನೇ ಇಲ್ಲಾ ಅಂದವ್ರು ನಮ್ಮನ್ನ ಬಿಡ್ತಾರಾ?" ಎಂದಳು.  ಪೂರ್ತಿ ಕೇಳಿದೆ, ಪೂರ್ತಿ ಉಂಡೆ. ಏಳುವಾಗ ಅವಳೇ ಕೈಗೆ ನೀರು ಹಾಕಿ, "ಸೋಮವಾರ ಬೆಳಿಗ್ಗೆ ಇವ್ರ ಮೊದ್ಲನೇ ಟ್ರಿಪ್ಪು. ಬರ್ರಿ, ನೋಡೂಕೆ" ಎಂದಳು.

ಸೋಮವಾರ ಅವರ್ಸಾ ಸ್ಟಾಪಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಅವಳು ಹೊಸ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದಿದ್ದಳು. ಅಕ್ಕಪಕ್ಕದ ಹೆಂಗಸರೂ ಮೀನಿನ ಬುಟ್ಟಿ ಕೆಳಗಿಟ್ಟು ನಿಂತಿದ್ದರು. ಬಸ್ಸು ಬಂತು. ಖಾಕಿ ಅಂಗಿಯಲ್ಲಿ ಅವನು. ಅವಳು ಕೈ ಎತ್ತಿದಳು. ಹೆಂಗಸರೆಲ್ಲ "ಹೋ!" ಎಂದು ಕೂಗಿದರು. ಅವನು ಹಾರ್ನ್ ಒತ್ತಲಿಲ್ಲ, ಕೈ ಎತ್ತಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿತ್ತು, ಆಮೇಲೆ ಎಡಗನ್ನಡಿಯ ಮೇಲೆ, ಮತ್ತೆ ರಸ್ತೆಯ ಮೇಲೆ. ಬಸ್ಸು ದಾಟಿ ಹೋಯಿತು.

"ನೋಡ್ಲೂ ಇಲ್ಲಲಾ!" ಎಂದು ಅವಳು ಕೈ ಕೆಳಗಿಳಿಸಿದಳು. "ಇಷ್ಟು ಶೃಂಗಾರ ಮಾಡ್ಕಂಡು ಬಂದ್ರೆ, ಕಟ್ಟಿಕೊಂಡ ಹೆಂಡ್ತಿ ಕಡೆ ಒಂದು ಸಲ ತಿರುಗಿ ನೋಡ್ಲಿಲ್ಲ!"

"ಅದಕ್ಕೇ ತಂಗೀ, ಅವನು ಪಾಸು" ಎಂದೆ.